ಲಕೋಟೆ ಆಯವ್ಯಯ ಪದ್ಧತಿ

ಲಕೋಟೆ ಆಯವ್ಯಯ ಪದ್ಧತಿ ಎಂದರೆ ಮನೆಖರ್ಚಿನ ನಗದನ್ನು ಸಂಬಳ ಬಂದೊಡನೆ ಬಾಬ್ತುವಾರು ಬೇರೆ ಬೇರೆ ಲಕೋಟೆಗಳಿಗೆ ಹಂಚಿ, ಒಂದೊಂದು ಬಾಬ್ತಿನ ಖರ್ಚನ್ನು ಅದರದೇ ಲಕೋಟೆಯಿಂದ ಮಾಡುವ, ಲಕೋಟೆ ಬರಿದಾದರೆ ಆ ಖರ್ಚನ್ನು ಮುಂದಿನ ಸಂಬಳದವರೆಗೆ ನಿಲ್ಲಿಸುವ ಹಣ ನಿರ್ವಹಣೆಯ ಕ್ರಮ. ಲಕೋಟೆಯ ಬದಲು ಡಬ್ಬಿ, ಗಾಜಿನ ಭರಣಿ, ಬಟ್ಟೆಯ ಚೀಲ, ಖಾನೆಗಳಿರುವ ಪರ್ಸು ಬಳಸಿದರೂ ಕ್ರಮ ಒಂದೇ. ಜಮಾಖರ್ಚಿನ ಪುಸ್ತಕ ಆಗಿಹೋದ ಖರ್ಚನ್ನು ದಾಖಲಿಸುತ್ತದೆ, ಲಕೋಟೆಯಾದರೋ ಆಗಲಿರುವ ಖರ್ಚಿಗೆ ಮೊದಲೇ ಮಿತಿ ಹಾಕುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ಕೂಡುವುದು ಕಳೆಯುವುದು ಬೇಡ, ಲಕೋಟೆ ತೆರೆದು ನೋಡಿದರೆ ಸಾಕು. ಓದುಬರಹ ಹೆಚ್ಚಿಲ್ಲದ ಮನೆಗಳಲ್ಲೂ ಲೆಕ್ಕಪರಿಶೋಧಕರ ಮನೆಗಳಲ್ಲೂ ಇದು ಒಂದೇ ರೀತಿ ನಡೆದುಬಂದಿರುವುದಕ್ಕೆ ಈ ಸರಳತೆಯೇ ಕಾರಣ.

ಪರಿಭಾಷೆ

ಈ ಲೇಖನದಲ್ಲಿ ಕೆಲವು ಪದಗಳನ್ನು ಗೊತ್ತಾದ ಅರ್ಥದಲ್ಲಿ ಬಳಸಲಾಗಿದೆ. ಒಂದು ಸಂಬಳದಿಂದ ಮುಂದಿನ ಸಂಬಳದವರೆಗಿನ ಅವಧಿ ಆವರ್ತ. ತಿಂಗಳ ಸಂಬಳದವರಿಗೆ ಅದು ತಿಂಗಳು, ವಾರಗೂಲಿಯವರಿಗೆ ವಾರ. ದಿನಸಿ, ತರಕಾರಿ, ಪ್ರಯಾಣ, ಔಷಧ ಮುಂತಾದ ಖರ್ಚಿನ ತಲೆಬರಹ ಬಾಬ್ತು. ಆವರ್ತದೊಳಗೇ ಖಾಲಿಯಾಗಬೇಕಾದದ್ದು ನಡೆ ಲಕೋಟೆ. ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುವ ದೊಡ್ಡ ಖರ್ಚಿಗಾಗಿ ತಿಂಗಳು ತಿಂಗಳು ಸ್ವಲ್ಪಸ್ವಲ್ಪ ಸೇರಿಸುತ್ತಾ ಹೋಗುವುದು ಕೂಡಿಕೆ ಲಕೋಟೆ. ಒಂದು ಲಕೋಟೆಯ ಹಣವನ್ನು ಇನ್ನೊಂದು ಬಾಬ್ತಿಗೆ ತೆಗೆದುಕೊಳ್ಳುವುದು ಎರವಲು. ಆವರ್ತ ಮುಗಿದಾಗ ನಡೆ ಲಕೋಟೆಯಲ್ಲಿ ಮಿಕ್ಕದ್ದು ಉಳಿಕೆ.

ಹಿನ್ನೆಲೆ

ಈ ಪದ್ಧತಿಗೆ ಒಬ್ಬ ಕರ್ತೃ ಇಲ್ಲ. ಹಣವನ್ನು ಉದ್ದೇಶಕ್ಕೆ ತಕ್ಕಂತೆ ಬೇರೆ ಬೇರೆ ಕಡೆ ಇಡುವ ರೂಢಿ ನಗದು ಕೂಲಿ ಇರುವ ಕಡೆಯಲ್ಲೆಲ್ಲ ಕಾಣುತ್ತದೆ. ಅದಕ್ಕೊಂದು ಖಚಿತ ರೂಪ ಬಂದದ್ದು 19ನೆಯ ಶತಮಾನದ ಕೊನೆ ಮತ್ತು 20ನೆಯ ಶತಮಾನದ ಮೊದಲ ದಶಕಗಳ ಕೈಗಾರಿಕಾ ನಗರಗಳಲ್ಲಿ. ಅಲ್ಲಿ ಕಾರ್ಮಿಕರ ವಾರದ ಕೂಲಿ ಲಕೋಟೆಯಲ್ಲೇ ಕೈಸೇರುತ್ತಿತ್ತು. ಮನೆಯಲ್ಲಿ ಅದನ್ನು ಒಡೆದು ಬಾಡಿಗೆ, ಕಲ್ಲಿದ್ದಲು, ಆಹಾರ, ವಿಮೆಯ ಕಂತು ಎಂದು ಹಂಚುವುದು ಹೆಂಗಸರ ಕೆಲಸವಾಗಿತ್ತು.

ಅಮೆರಿಕದ ಸಮಾಜಶಾಸ್ತ್ರಜ್ಞೆ ವಿವಿಯಾನಾ ಝೆಲಿಝರ್ 1994ರಲ್ಲಿ ಪ್ರಕಟಿಸಿದ, ಹಣದ ಸಾಮಾಜಿಕ ಅರ್ಥವನ್ನು ಕುರಿತ ಗ್ರಂಥ ಈ ಚರಿತ್ರೆಯ ಮುಖ್ಯ ಆಧಾರ. ಸುಮಾರು 1870ರಿಂದ 1930ರವರೆಗೆ ಅಮೆರಿಕದ ಕುಟುಂಬಗಳು ಒಂದೇ ಬಗೆಯ ಡಾಲರುಗಳನ್ನು ಡಬ್ಬಿ, ಹೂಜಿ, ಲಕೋಟೆಗಳಲ್ಲಿ ಬೇರ್ಪಡಿಸಿ, ಒಂದರ ಹಣವನ್ನು ಇನ್ನೊಂದಕ್ಕೆ ಮುಟ್ಟದಂತೆ ಕಾಯುತ್ತಿದ್ದುದನ್ನು ಅವರು ವಿವರಿಸಿದ್ದಾರೆ. ಹಣಕ್ಕೆ ಬಣ್ಣವಿಲ್ಲ, ಒಂದು ನೋಟಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ ಎಂಬುದು ಅರ್ಥಶಾಸ್ತ್ರದ ಹಳೆಯ ನಂಬಿಕೆ. ಮನೆಗಳಲ್ಲಿ ಅದು ಹಾಗೆ ನಡೆಯುವುದೇ ಇಲ್ಲವೆಂಬುದು ಝೆಲಿಝರ್ ಅವರ ವಾದ.

ಇದೇ ಕಾಲದಲ್ಲಿ ಗೃಹವಿಜ್ಞಾನ ಒಂದು ಶಾಸ್ತ್ರವಾಗಿ ರೂಪುಗೊಂಡಿತು. ಆದಾಯ ಹೆಚ್ಚಿದಂತೆ ಅದರಲ್ಲಿ ಆಹಾರಕ್ಕೆ ಹೋಗುವ ಪಾಲು ಕುಗ್ಗುತ್ತದೆಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್‌ಸ್ಟ್ ಎಂಗೆಲ್ 1857ರಲ್ಲಿ ತೋರಿಸಿದ್ದರು. ಕುಟುಂಬದ ಖರ್ಚನ್ನು ಬಾಬ್ತುಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಶೇಕಡಾವಾರು ಪಾಲು ಗೊತ್ತುಮಾಡುವ ಕ್ರಮ ಇದರ ಹಿಂದೆಯೇ ಬಂತು. ಅಮೆರಿಕದ ಎಲೆನ್ ಸ್ವಾಲೋ ರಿಚರ್ಡ್ಸ್ ಜೀವನ ವೆಚ್ಚವನ್ನು ಕುರಿತ ತಮ್ಮ 1899ರ ಪುಸ್ತಕದಲ್ಲಿ ಮನೆಯ ಆಯವ್ಯಯವನ್ನು ಈ ದೃಷ್ಟಿಯಿಂದ ಚರ್ಚಿಸಿದರು. ಯಾವ ಬಾಬ್ತಿಗೆ ಎಷ್ಟು ಎಂಬ ಪ್ರಶ್ನೆಗೆ ಗೃಹವಿಜ್ಞಾನ ಉತ್ತರ ಕೊಟ್ಟಿತು. ಆ ಮೊತ್ತವನ್ನು ಮೀರದಂತೆ ನಡೆಯುವುದು ಹೇಗೆ ಎಂಬುದಕ್ಕೆ ಲಕೋಟೆಯೇ ಸಾಧನವಾಯಿತು.

ಜಪಾನಿನಲ್ಲಿ ಬೆಳವಣಿಗೆಯ ದಾರಿ ಬೇರೆ. ಪತ್ರಕರ್ತೆ ಹಾನಿ ಮೊಟೊಕೊ 1904ರಲ್ಲಿ ಗೃಹಿಣಿಯರಿಗಾಗಿ ಕಾಕೆಬೊ ಎಂಬ ಮನೆಲೆಕ್ಕದ ಪುಸ್ತಕವನ್ನು ರೂಪಿಸಿದರು. ಬಾಬ್ತುವಾರು ಮೊತ್ತವನ್ನು ಮೊದಲೇ ಗೊತ್ತುಮಾಡಿ, ಆಮೇಲೆ ನಿತ್ಯದ ಖರ್ಚನ್ನು ಅದರೆದುರು ಬರೆಯುವುದು ಅದರ ಕ್ರಮ. ಇದರ ಜೊತೆಗೆ ಹಣವನ್ನು ಚೀಲಗಳಿಗೆ ಹಂಚಿಡುವ ಫುಕುರೊವಾಕೆ ಎಂಬ ರೂಢಿಯೂ ಅಲ್ಲಿದೆ. ಪುಸ್ತಕ ಮತ್ತು ಲಕೋಟೆ ಎರಡೂ ಒಟ್ಟಿಗೆ ಬಳಕೆಯಲ್ಲಿ ಉಳಿದಿರುವುದು ಜಪಾನಿನ ಮನೆಗಳ ವಿಶೇಷ.

20ನೆಯ ಶತಮಾನದ ನಡುಭಾಗದಿಂದ ಚೆಕ್ಕು, ಬ್ಯಾಂಕ್ ಖಾತೆ ಮತ್ತು ಕ್ರೆಡಿಟ್ ಕಾರ್ಡುಗಳು ಹರಡಿದಂತೆ ಪಾಶ್ಚಾತ್ಯ ದೇಶಗಳ ಮಧ್ಯಮ ವರ್ಗದಲ್ಲಿ ಲಕೋಟೆ ಹಿಂದೆ ಸರಿಯಿತು. ಕಾರ್ಡಿನ ಸಾಲ ಬೆಳೆದ ಮೇಲೆ ಅದೇ ವರ್ಗ ಮತ್ತೆ ಅದರತ್ತ ತಿರುಗಿತು. ಅಮೆರಿಕದ ರೇಡಿಯೊ ಕಾರ್ಯಕ್ರಮಕಾರ ಮತ್ತು ಲೇಖಕ ಡೇವ್ ರಾಮ್ಸಿ 1990ರ ದಶಕದಿಂದ ಸಾಲಮುಕ್ತಿಯ ಸಾಧನವಾಗಿ ಇದನ್ನು ಪ್ರಚಾರ ಮಾಡಿದರು. ಇಂದು ಇಂಗ್ಲಿಷ್ ಜಗತ್ತಿನಲ್ಲಿ ಈ ಪದ್ಧತಿ ಹೆಚ್ಚಾಗಿ ಅವರ ಹೆಸರಿನೊಂದಿಗೇ ಗುರುತಾಗುತ್ತದೆ.

ರಚನೆ ಮತ್ತು ಕ್ರಮ

ಮೊದಲ ಹೆಜ್ಜೆ ಕೈಗೆ ಬರುವ ಆದಾಯವನ್ನು ಖಚಿತಪಡಿಸಿಕೊಳ್ಳುವುದು. ಭವಿಷ್ಯನಿಧಿ, ವೃತ್ತಿ ತೆರಿಗೆ, ಸಂಬಳದಲ್ಲೇ ಹಿಡಿಯುವ ಸಾಲದ ಕಂತು ಇವನ್ನೆಲ್ಲ ಕಳೆದ ಮೇಲಿನ ಮೊತ್ತವೇ ಇಲ್ಲಿ ಆದಾಯ. ಎರಡನೆಯದು, ಲಕೋಟೆಗೆ ಬರಬೇಕಾದ ಖರ್ಚನ್ನೂ ಬರಬೇಕಾಗಿಲ್ಲದ ಖರ್ಚನ್ನೂ ಬೇರ್ಪಡಿಸುವುದು. ಬಾಡಿಗೆ, ಶಾಲೆಯ ಶುಲ್ಕ, ವಿದ್ಯುತ್ ಬಿಲ್ಲು, ಆರ್‌ಡಿ ಕಂತುಗಳಂಥ ಖರ್ಚುಗಳ ಮೊತ್ತ ಮೊದಲೇ ಗೊತ್ತಿರುತ್ತದೆ, ಅಥವಾ ಮನೆಯವರು ಅದನ್ನು ದಿನದಿನಕ್ಕೆ ಬದಲಾಯಿಸಲಾರರು. ಅವನ್ನು ಬ್ಯಾಂಕಿನಿಂದಲೇ ಕಟ್ಟುವುದು ಸರಿ. ಕೈಬಿಗಿ ಮಾಡಿದರೆ ಕಡಿಮೆಯಾಗುವ, ಸಡಿಲ ಬಿಟ್ಟರೆ ಏರುವ ಖರ್ಚುಗಳಿಗೆ ಮಾತ್ರ ಲಕೋಟೆ ಬೇಕು. ಎಲ್ಲವನ್ನೂ ಲಕೋಟೆಗೆ ತುಂಬಲು ಹೊರಟವರು ಒಂದೆರಡು ತಿಂಗಳಲ್ಲೇ ಬೇಸತ್ತು ಬಿಡುವುದುಂಟು.

ಮೂರನೆಯದು ಬಾಬ್ತುಗಳ ಸಂಖ್ಯೆ. ಆರರಿಂದ ಹತ್ತರವರೆಗೆ ಸಾಮಾನ್ಯ. ಅದಕ್ಕಿಂತ ಕಡಿಮೆಯಾದರೆ ಒಂದು ಖರ್ಚು ಇನ್ನೊಂದರ ಮರೆಯಲ್ಲಿ ಅಡಗುತ್ತದೆ, ಹೆಚ್ಚಾದರೆ ಅಂಗಡಿಯಲ್ಲಿ ನಿಂತು ಯಾವ ಲಕೋಟೆಯಿಂದ ತೆಗೆಯಬೇಕೆಂದು ಯೋಚಿಸಬೇಕಾಗುತ್ತದೆ. ದಿನಸಿ ಅಂಗಡಿಯಲ್ಲಿ ಅಕ್ಕಿಬೇಳೆಯ ಜೊತೆ ಸೋಪು, ಪೊರಕೆಗಳನ್ನೂ ಕೊಳ್ಳುವ ಮನೆಯಲ್ಲಿ ಅವೆಲ್ಲಕ್ಕೂ ಒಂದೇ ಲಕೋಟೆ ಇದ್ದರೆ ಸಾಕು. ವಸ್ತುವಿನ ಜಾತಿ ನೋಡುವುದಕ್ಕಿಂತ ಕೊಳ್ಳುವ ಸ್ಥಳ ನೋಡಿ ಬಾಬ್ತು ಮಾಡುವುದು ಬಳಕೆಗೆ ಸುಲಭ.

ಮೊತ್ತವನ್ನು ಗೊತ್ತುಮಾಡಲು ಹಿಂದಿನ ಎರಡು ಮೂರು ತಿಂಗಳ ನಿಜವಾದ ಖರ್ಚು ಆಧಾರವಾಗಬೇಕು. ಹೀಗಿರಬೇಕಿತ್ತು ಎಂಬ ಬಯಕೆಯ ಮೊತ್ತವನ್ನು ಬರೆದರೆ ಲಕೋಟೆ ಮೂರನೆಯ ವಾರದಲ್ಲೇ ಬರಿದಾಗುತ್ತದೆ. ಅಲ್ಲಿಂದ ಎರವಲು ಶುರುವಾಗಿ ಲಕೋಟೆಗಳ ಗಡಿಯೇ ಅಳಿಸಿಹೋಗುತ್ತದೆ.

ತುಂಬುವ ದಿನದಂದು ಬ್ಯಾಂಕಿನಿಂದ ಗೊತ್ತಾದ ಮೊತ್ತವನ್ನು ಒಂದೇ ಸಲ ತೆಗೆದು, ಲಕೋಟೆಗಳ ಮೇಲೆ ಬಾಬ್ತಿನ ಹೆಸರು, ಮೊತ್ತ ಮತ್ತು ತಾರೀಖು ಬರೆದು ಹಂಚಲಾಗುತ್ತದೆ. ನೋಟಿನ ಮೌಲ್ಯವನ್ನೂ ಗಮನಿಸಬೇಕು. ತರಕಾರಿ, ಬಸ್ಸು, ಆಟೊಗಳಿಗೆ ₹10ರಿಂದ ₹100ರವರೆಗಿನ ನೋಟುಗಳು ಬೇಕು. ಇಲ್ಲವಾದರೆ ಚಿಲ್ಲರೆಗಾಗಿ ಒಂದು ಲಕೋಟೆಯ ₹500ನ್ನು ಇನ್ನೊಂದರಲ್ಲಿ ಮುರಿಸಬೇಕಾಗಿ ಲೆಕ್ಕ ಕಲಸಿಹೋಗುತ್ತದೆ. ಲಕೋಟೆಯ ಹಿಂಬದಿಯಲ್ಲಿ ತಾರೀಖು, ತೆಗೆದದ್ದು, ಉಳಿದದ್ದು ಎಂಬ ಮೂರು ಅಂಕಣ ಎಳೆದುಕೊಂಡರೆ ಬೇರೆ ಪುಸ್ತಕ ಬೇಡ. ನೋಟುಗಳ ಮೇಲೆ ಬರೆಯುವುದು, ಅವಕ್ಕೆ ಪಿನ್ನು ಹೊಡೆಯುವುದು ರಿಸರ್ವ್ ಬ್ಯಾಂಕಿನ ಶುದ್ಧ ನೋಟು ನೀತಿಗೆ ವಿರುದ್ಧ. ಗುರುತಿನ ಚೀಟಿ ಬೇಕಿದ್ದರೆ ಅದನ್ನು ಲಕೋಟೆಗೇ ಅಂಟಿಸಬೇಕು.

ಆವರ್ತದ ಕೊನೆಗೆ ಉಳಿಕೆಯನ್ನು ಏನು ಮಾಡಬೇಕೆಂಬುದನ್ನು ಮೊದಲೇ ತೀರ್ಮಾನಿಸಿರಬೇಕು. ಅದೇ ಲಕೋಟೆಯಲ್ಲಿ ಮುಂದುವರಿಸಬಹುದು, ಕೂಡಿಕೆ ಲಕೋಟೆಗೆ ಹಾಕಬಹುದು, ಬ್ಯಾಂಕಿಗೆ ಕಟ್ಟಬಹುದು. ಎರವಲಿಗೂ ನಿಯಮ ಬೇಕು. ಎರವಲನ್ನು ಪೂರ್ತಿ ನಿಷೇಧಿಸಿದ ಮನೆಯಲ್ಲಿ ಪದ್ಧತಿ ಮೊದಲ ಜ್ವರಕ್ಕೇ ಮುರಿಯುತ್ತದೆ. ಯಾವುದರಿಂದ ಯಾವುದಕ್ಕೆ ಎಷ್ಟು ಎಂದು ಎರಡೂ ಲಕೋಟೆಗಳ ಮೇಲೆ ಬರೆದು ಕೊಂಡೊಯ್ಯುವುದು ಚಾಲ್ತಿಯಲ್ಲಿರುವ ಉತ್ತಮ ಕ್ರಮ.

ನಿದರ್ಶನ

ತಿಂಗಳಿಗೆ ಕೈಗೆ ₹32,000 ಬರುವ, ಇಬ್ಬರು ಮಕ್ಕಳಿರುವ ಒಂದು ಮನೆಯನ್ನು ನಿದರ್ಶನಕ್ಕಾಗಿ ಊಹಿಸಬಹುದು. ಬಾಡಿಗೆ, ಗ್ಯಾಸು, ವಿದ್ಯುತ್ತು, ಶುಲ್ಕ, ವಿಮೆ, ಉಳಿತಾಯದ ಕಂತು ಸೇರಿ ₹18,000 ಬ್ಯಾಂಕಿನಿಂದಲೇ ಹೋಗುತ್ತದೆ. ಮಿಕ್ಕ ₹14,000 ನಗದಾಗಿ ಲಕೋಟೆಗಳಿಗೆ ಹೀಗೆ ಹಂಚಿಕೆಯಾಗುತ್ತದೆ: ದಿನಸಿಗೆ ₹5,500, ತರಕಾರಿ ಮತ್ತು ಹಣ್ಣಿಗೆ ₹2,400, ಹಾಲು ಮೊಸರಿಗೆ ₹1,800, ಪ್ರಯಾಣಕ್ಕೆ ₹1,500, ಹಬ್ಬ ಮತ್ತು ಬಟ್ಟೆಗೆ ₹1,000, ಔಷಧಕ್ಕೆ ₹800, ಮುಯ್ಯಿಗೆ ₹500, ಕೈಖರ್ಚಿಗೆ ₹500.

ಇವುಗಳಲ್ಲಿ ತರಕಾರಿಯ ಲಕೋಟೆಯೇ ಹೆಚ್ಚಾಗಿ ಎಡವುವುದು, ಏಕೆಂದರೆ ತಿಂಗಳು ನಾಲ್ಕು ವಾರಕ್ಕೆ ಮುಗಿಯುವುದಿಲ್ಲ. ₹2,400ನ್ನು ನಾಲ್ಕರಿಂದ ಭಾಗಿಸಿ ವಾರಕ್ಕೆ ₹600 ಎಂದುಕೊಂಡರೆ 29, 30, 31ನೇ ತಾರೀಖಿಗೆ ಏನೂ ಇರುವುದಿಲ್ಲ. ತಾರೀಖು 1ರಿಂದ 28ರವರೆಗೆ ಏಳೇಳು ದಿನದ ನಾಲ್ಕು ಕಂತಿಗೆ ₹550ರಂತೆ ₹2,200 ಇಟ್ಟು, ಉಳಿದ ₹200ನ್ನು ಕೊನೆಯ ಎರಡು ಮೂರು ದಿನಕ್ಕೆ ಬೇರೆಯಾಗಿಟ್ಟರೆ ಈ ತೊಡಕು ನೀಗುತ್ತದೆ. ಟೊಮೆಟೊ ಅಥವಾ ಈರುಳ್ಳಿಯ ಬೆಲೆ ಒಮ್ಮೆಲೆ ಏರಿದ ತಿಂಗಳಲ್ಲಿ ಮೊತ್ತ ಹೆಚ್ಚಿಸದೆ ಕೊಳ್ಳುವ ಪದಾರ್ಥ ಬದಲಾಯಿಸುವುದು ಈ ಪದ್ಧತಿಯ ಸಹಜ ಪರಿಣಾಮ.

ಹಬ್ಬ ಮತ್ತು ಮುಯ್ಯಿಯ ಲಕೋಟೆಗಳು ಕೂಡಿಕೆ ಲಕೋಟೆಗಳು. ಭಾರತದ ಮನೆಗಳಲ್ಲಿ ಆಯವ್ಯಯ ಕೆಡುವುದು ನಿತ್ಯದ ಖರ್ಚಿಗಿಂತ ಹೆಚ್ಚಾಗಿ ಇಂಥವುಗಳಿಂದಲೇ. ಜೂನ್ ಬಂದರೆ ಪುಸ್ತಕ ಮತ್ತು ಸಮವಸ್ತ್ರ, ಗೌರಿ ಗಣೇಶದಿಂದ ದೀಪಾವಳಿಯವರೆಗೆ ಹಬ್ಬದ ಸಾಲು, ಬೇಸಿಗೆಯಲ್ಲಿ ಮದುವೆಗಳು ಬರುತ್ತವೆಂಬುದು ಎಲ್ಲರಿಗೂ ಗೊತ್ತು. ಆದರೂ ಪ್ರತಿ ವರ್ಷ ಅವು ಅನಿರೀಕ್ಷಿತ ಖರ್ಚಿನಂತೆ ಎರಗುತ್ತವೆ. ವರ್ಷದಲ್ಲಿ ಹಬ್ಬ ಮತ್ತು ಬಟ್ಟೆಗೆ ₹12,000 ಆಗುವುದಾದರೆ ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ₹1,000 ಹಾಕುತ್ತಾ ಬರುವುದು ಕೂಡಿಕೆ ಲಕೋಟೆಯ ಲೆಕ್ಕ.

ಬಗೆಗಳು

ಶುದ್ಧ ನಗದು ಪದ್ಧತಿಯಲ್ಲಿ ಬಾಡಿಗೆಯೂ ಸೇರಿದಂತೆ ಎಲ್ಲವೂ ಲಕೋಟೆಯಲ್ಲಿರುತ್ತದೆ. ಬ್ಯಾಂಕ್ ವ್ಯವಹಾರ ಕಡಿಮೆ ಇರುವ ದಿನಗೂಲಿ ಮನೆಗಳಲ್ಲಿ ಇದೇ ರೂಢಿ. ಮಿಶ್ರ ಪದ್ಧತಿ ಮೇಲಿನ ನಿದರ್ಶನದಂಥದ್ದು, ಇಂದು ಹೆಚ್ಚು ಬಳಕೆಯಲ್ಲಿರುವುದೂ ಇದೇ. ಏಕಲಕೋಟೆ ಪದ್ಧತಿಯಲ್ಲಿ ಹತೋಟಿ ತಪ್ಪುವ ಒಂದೇ ಒಂದು ಬಾಬ್ತಿಗೆ, ಉದಾಹರಣೆಗೆ ಹೋಟೆಲ್ ಊಟಕ್ಕೆ, ಲಕೋಟೆ ಇರುತ್ತದೆ. ವಾರದ ಲಕೋಟೆ ಪದ್ಧತಿಯಲ್ಲಿ ಬಾಬ್ತುಗಳಿಲ್ಲ. ತಿಂಗಳ ನಗದನ್ನು ವಾರದ ಲೆಕ್ಕದಲ್ಲಿ ನಾಲ್ಕೈದು ಲಕೋಟೆಗಳಿಗೆ ಹಾಕಿ ಒಂದು ಮುಗಿಯದೆ ಇನ್ನೊಂದನ್ನು ತೆರೆಯದಿರುವುದಷ್ಟೇ ನಿಯಮ.

ಬ್ರಿಟನ್ನಿನಲ್ಲಿ ಭರಣಿಗಳಲ್ಲಿ ಹಣ ಇಡುವ ಹಳೆಯ ರೂಢಿಯ ಹೆಸರಿನಲ್ಲೇ ಸಹಕಾರಿ ಸಂಸ್ಥೆಗಳು ಜಾಮ್ ಜಾರ್ ಖಾತೆಗಳನ್ನು ನಡೆಸಿವೆ. ಒಂದೇ ಖಾತೆಗೆ ಬಂದ ಹಣ ಅಲ್ಲಿ ಬಾಡಿಗೆ, ಬಿಲ್ಲು, ಖರ್ಚು ಎಂಬ ಉಪಖಾತೆಗಳಿಗೆ ತಾನಾಗಿ ಹಂಚಿಕೆಯಾಗುತ್ತದೆ.

ಶೇಕಡಾವಾರು ಹಂಚಿಕೆಯ ಸೂತ್ರಗಳನ್ನು ಲಕೋಟೆ ಪದ್ಧತಿಯ ಬಗೆಯೆಂದು ಎಣಿಸುವುದು ತಪ್ಪು. ಎಲಿಜಬೆತ್ ವಾರೆನ್ ಮತ್ತು ಅಮೀಲಿಯಾ ವಾರೆನ್ ತ್ಯಾಗಿ 2005ರ ತಮ್ಮ ಪುಸ್ತಕದಲ್ಲಿ ಹೇಳಿದ 50-30-20ರ ಸೂತ್ರ ಅಗತ್ಯ, ಬಯಕೆ, ಉಳಿತಾಯಗಳ ಪ್ರಮಾಣವನ್ನು ಸೂಚಿಸುತ್ತದೆ, ಅದನ್ನು ಪಾಲಿಸುವ ಸಾಧನವನ್ನು ಕೊಡುವುದಿಲ್ಲ. ಎರಡನ್ನೂ ಒಟ್ಟಿಗೆ ಬಳಸಬಹುದು.

ಪರಿಣಾಮದ ವಿವರಣೆ

ಗಣಿತದ ದೃಷ್ಟಿಯಿಂದ ಲಕೋಟೆಗಳಿಂದ ಏನೂ ಬದಲಾಗುವುದಿಲ್ಲ. ಒಂದೇ ಪರ್ಸಿನಲ್ಲಿದ್ದರೂ ಎಂಟು ಲಕೋಟೆಗಳಲ್ಲಿದ್ದರೂ ₹14,000 ಅಷ್ಟೇ. ಬದಲಾಗುವುದು ಮನಸ್ಸಿನ ನಡೆ. ಇದನ್ನು ವಿವರಿಸುವ ಮುಖ್ಯ ಸಿದ್ಧಾಂತ ಮಾನಸಿಕ ಲೆಕ್ಕ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಇದನ್ನು 1980ರ ದಶಕದಲ್ಲಿ ಮಂಡಿಸಿದರು, ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಜನ ತಮ್ಮ ಹಣವನ್ನು ಮನಸ್ಸಿನಲ್ಲೇ ಬೇರೆ ಬೇರೆ ಖಾತೆಗಳಾಗಿ ಇಟ್ಟುಕೊಂಡಿರುತ್ತಾರೆ, ಒಂದರ ಹಣವನ್ನು ಇನ್ನೊಂದಕ್ಕೆ ಸುಲಭವಾಗಿ ಬಳಸುವುದಿಲ್ಲ ಎಂಬುದು ಅದರ ತಿರುಳು.

ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1981ರಲ್ಲಿ ಪ್ರಕಟಿಸಿದ ಒಂದು ಪ್ರಶ್ನಾವಳಿ ಇದನ್ನು ಚೆನ್ನಾಗಿ ತೋರಿಸುತ್ತದೆ. 10 ಡಾಲರಿನ ನಾಟಕಕ್ಕೆ ಬಂದಾಗ ದಾರಿಯಲ್ಲಿ 10 ಡಾಲರಿನ ನೋಟು ಕಳೆದಿರುವುದು ಗೊತ್ತಾದರೆ ಟಿಕೆಟ್ ಕೊಳ್ಳುವಿರಾ ಎಂದು ಕೇಳಿದಾಗ ಶೇ. 88 ಮಂದಿ ಕೊಳ್ಳುವೆವೆಂದರು. ಮೊದಲೇ ಕೊಂಡಿದ್ದ ಟಿಕೆಟ್ಟೇ ಕಳೆದುಹೋಗಿದ್ದರೆ ಇನ್ನೊಂದು ಕೊಳ್ಳುವಿರಾ ಎಂದಾಗ ಹಾಗೆಂದವರು ಶೇ. 46 ಮಾತ್ರ. ನಷ್ಟ ಎರಡರಲ್ಲೂ ಒಂದೇ. ಎರಡನೆಯದರಲ್ಲಿ ಮಾತ್ರ ಅದು ನಾಟಕದ ಖಾತೆಗೆ ಬಿತ್ತು. ಮನಸ್ಸಿನೊಳಗೆ ಮಸುಕಾಗಿರುವ ಇಂಥ ಖಾತೆಗಳಿಗೆ ಲಕೋಟೆ ಕಣ್ಣಿಗೆ ಕಾಣುವ ಗೋಡೆ ಕಟ್ಟುತ್ತದೆ.

ಎರಡನೆಯ ಕಾರಣ ಪಾವತಿಯ ನೋವು. ನೋಟನ್ನು ಎಣಿಸಿ ಕೊಡುವಾಗ ಆಗುವ ಹಿಂಜರಿಕೆ ಕಾರ್ಡು ಕೊಡುವಾಗ ಆಗುವುದಿಲ್ಲ. ಡ್ರಾಜೆನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಾಸ್ಟನ್ನಿನ ಒಂದು ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟಿಗೆ ಹರಾಜು ಕೂಗಲಾಯಿತು. ಕ್ರೆಡಿಟ್ ಕಾರ್ಡಿನಲ್ಲಿ ಕೊಡಬೇಕಾದವರು ನಗದು ಕೊಡಬೇಕಾದವರ ಸುಮಾರು ಎರಡರಷ್ಟು ಮೊತ್ತಕ್ಕೆ ಕೂಗಿದರು. ನೋಟಿನ ಮೌಲ್ಯವೂ ಪರಿಣಾಮ ಬೀರುತ್ತದೆ. ಅಷ್ಟೇ ಮೊತ್ತ ಒಂದು ದೊಡ್ಡ ನೋಟಾಗಿದ್ದರೆ ಅದನ್ನು ಮುರಿಯಲು ಜನ ಹಿಂಜರಿಯುತ್ತಾರೆಂದು ಪ್ರಿಯಾ ರಘುಬೀರ್ ಮತ್ತು ಜಾಯ್‌ದೀಪ್ ಶ್ರೀವಾಸ್ತವ 2009ರಲ್ಲಿ ತೋರಿಸಿದರು. ನಡೆ ಲಕೋಟೆಯಲ್ಲಿ ಸಣ್ಣ ನೋಟು, ಕೂಡಿಕೆ ಲಕೋಟೆಯಲ್ಲಿ ದೊಡ್ಡ ನೋಟು ಇಡುವ ಮನೆಗಳ ರೂಢಿಗೆ ಇದು ಹೊಂದುತ್ತದೆ.

ಲಕೋಟೆಯನ್ನೇ ನೇರವಾಗಿ ಪರೀಕ್ಷಿಸಿದ ಅಧ್ಯಯನಗಳಲ್ಲಿ ದಿಲೀಪ್ ಸೋಮನ್ ಮತ್ತು ಅಮರ್ ಚೀಮಾ ಅವರ 2011ರ ಕೆಲಸ ಭಾರತದ ಓದುಗರಿಗೆ ಮಹತ್ವದ್ದು, ಏಕೆಂದರೆ ಅದು ನಡೆದದ್ದು ಇಲ್ಲಿನ ಕೂಲಿ ಕಾರ್ಮಿಕರ ನಡುವೆ. ಕೂಲಿಯಲ್ಲಿ ಉಳಿತಾಯಕ್ಕೆಂದು ಎತ್ತಿಟ್ಟ ಹಣವನ್ನು ಲಕೋಟೆಯಲ್ಲಿ ಹಾಕಿ ಮುಚ್ಚಲಾಗುತ್ತಿತ್ತು. ಅದೇ ಮೊತ್ತವನ್ನು ಒಂದರ ಬದಲು ಎರಡು ಲಕೋಟೆಗಳಲ್ಲಿ ಇಟ್ಟವರೂ, ಲಕೋಟೆಯ ಮೇಲೆ ತಮ್ಮ ಮಕ್ಕಳ ಚಿತ್ರ ಇದ್ದವರೂ ಹೆಚ್ಚು ಉಳಿಸಿದರು. ಲಕೋಟೆ ಒಡೆಯುವ ಪ್ರತಿ ಸಲವೂ ಒಂದು ನಿರ್ಧಾರ ಮಾಡಬೇಕಾಗುತ್ತದೆ. ಎರಡಿದ್ದರೆ ಎರಡು ಸಲ ನಿಂತು ಯೋಚಿಸಬೇಕು.

ಉಪಯೋಗ ಮತ್ತು ಮಿತಿ

ಆದಾಯ ನಿಶ್ಚಿತವಾಗಿದ್ದು, ಖರ್ಚು ಹರಿದುಹೋಗುವ ದಾರಿ ಗೊತ್ತಾಗದ ಮನೆಗಳಿಗೆ, ಕಾರ್ಡಿನ ಸಾಲದಿಂದ ಹೊರಬರುತ್ತಿರುವವರಿಗೆ, ಹೊಸದಾಗಿ ಸಂಸಾರ ಹೂಡಿದವರಿಗೆ, ಹಾಸ್ಟೆಲಿನ ವಿದ್ಯಾರ್ಥಿಗಳಿಗೆ ಈ ಪದ್ಧತಿ ಹೆಚ್ಚು ಉಪಯುಕ್ತ. ಹಣದ ಅಳತೆಯನ್ನು ಮಕ್ಕಳಿಗೆ ತೋರಿಸಲೂ ಇದು ಒಳ್ಳೆಯ ಸಾಧನ.

ಮಿತಿಗಳೂ ಗಂಭೀರವಾದವು. ಮನೆಯಲ್ಲಿರುವ ನಗದಿಗೆ ಕಳವು, ಬೆಂಕಿ, ಗೆದ್ದಲಿನ ಭಯವಿದೆ. ಬಡ್ಡಿ ಬರುವುದಿಲ್ಲ, ಬೆಲೆಯೇರಿಕೆಯಿಂದ ಹಣದ ಮೌಲ್ಯ ಕುಗ್ಗುತ್ತದೆ. ಆದ್ದರಿಂದ ಕೂಡಿಕೆ ಲಕೋಟೆಯಲ್ಲಿ ಕೆಲವು ತಿಂಗಳ ಹಣ ಸೇರಿದ ಮೇಲೆ ಅದನ್ನು ಬ್ಯಾಂಕ್ ಅಥವಾ ಅಂಚೆ ಕಚೇರಿಯ ಖಾತೆಗೆ ಸಾಗಿಸುವುದು ಅಗತ್ಯ. ಬಾಬ್ತಿನ ಗಡಿಗಳು ಅತಿ ಬಿಗಿಯಾದರೆ ಅವೇ ತೊಂದರೆ ಕೊಡುತ್ತವೆ. ಚಿಪ್ ಹೀತ್ ಮತ್ತು ಜ್ಯಾಕ್ ಸಾಲ್ 1996ರಲ್ಲಿ ಗಮನಿಸಿದಂತೆ, ಒಂದು ಬಾಬ್ತಿನ ಹಣ ಮುಗಿದರೆ ಜನ ಬೇಕಾದದ್ದನ್ನೂ ಕೊಳ್ಳದೆ ಬಿಡುತ್ತಾರೆ. ಬಟ್ಟೆಯ ಲಕೋಟೆ ತುಂಬಿದ್ದು ಔಷಧದ್ದು ಬರಿದಾಗಿದೆಯೆಂದು ಮಾತ್ರೆ ಕೊಳ್ಳದೆ ಉಳಿಯುವುದು ಪದ್ಧತಿಯ ದುರ್ಬಳಕೆ.

ಎಲ್ಲಕ್ಕಿಂತ ದೊಡ್ಡ ಮಿತಿ ಆದಾಯದ್ದು. ಬರುವ ಹಣವೇ ಅಗತ್ಯಕ್ಕೆ ಸಾಲದಿದ್ದರೆ ಎಷ್ಟು ಲಕೋಟೆ ಮಾಡಿದರೂ ಕೊರತೆ ತುಂಬುವುದಿಲ್ಲ. ಭಾರತ, ಬಾಂಗ್ಲಾದೇಶ ಮತ್ತು ದಕ್ಷಿಣ ಆಫ್ರಿಕಾದ ಬಡಕುಟುಂಬಗಳ ಹಣದ ದಿನಚರಿಗಳನ್ನು ಆಧರಿಸಿ ಡ್ಯಾರಿಲ್ ಕಾಲಿನ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸುತ್ತದೆ. ಆ ಕುಟುಂಬಗಳಿಗೆ ಆದಾಯ ಕಡಿಮೆ ಎಂಬುದರ ಜೊತೆಗೆ ಅದು ಯಾವಾಗ ಬರುತ್ತದೆ ಎಂಬುದೂ ಅನಿಶ್ಚಿತ. ಅಲ್ಲಿ ಉಳಿತಾಯ, ಕೈಗಡ, ಚೀಟಿ, ಅಂಗಡಿಯ ಉದ್ರಿ ಎಲ್ಲವೂ ಒಟ್ಟಿಗೆ ನಡೆಯುತ್ತವೆ. ಅಂಥ ಮನೆಗೆ ತಿಂಗಳ ಲಕೋಟೆಗಿಂತ ದಿನದ ಡಬ್ಬಿ ಹೊಂದುತ್ತದೆ.

ಮನೆಯೊಳಗಿನ ಅಧಿಕಾರ

ಲಕೋಟೆಯನ್ನು ತುಂಬುವವರು ಯಾರು, ತೆರೆಯುವವರು ಯಾರು ಎಂಬ ಪ್ರಶ್ನೆ ಈ ಪದ್ಧತಿಯ ಜೊತೆಗೇ ಬರುತ್ತದೆ. ಬ್ರಿಟನ್ನಿನ ಜ್ಯಾನ್ ಪಾಲ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಂಪತಿಗಳ ಹಣ ನಿರ್ವಹಣೆಯನ್ನು ನಾಲ್ಕಾಗಿ ವಿಂಗಡಿಸಿದರು: ಪೂರ್ತಿ ಕೂಲಿ ಒಬ್ಬರ ಕೈಗೆ ಬರುವುದು, ಮನೆಖರ್ಚಿಗೆಂದು ಗಂಡ ಗೊತ್ತಾದ ಮೊತ್ತ ಕೊಡುವುದು, ಇಬ್ಬರದೂ ಒಂದೇ ಕಡೆ ಕೂಡುವುದು, ಇಬ್ಬರದೂ ಬೇರೆ ಬೇರೆ ಇರುವುದು. ಪೂರ್ತಿ ಕೂಲಿ ಹೆಂಡತಿಯ ಕೈಗೆ ಬರುವುದು ಬಡಮನೆಗಳಲ್ಲೇ ಹೆಚ್ಚು, ಅಲ್ಲಿ ಹಣದ ನಿರ್ವಹಣೆ ಅಧಿಕಾರಕ್ಕಿಂತ ಭಾರವೇ ಆಗಿರುತ್ತದೆಂಬುದು ಅವರ ಮುಖ್ಯ ಗ್ರಹಿಕೆ. ಎರಡನೆಯ ಬಗೆಯ ಮನೆಯಲ್ಲಿ ಲಕೋಟೆ ಹೆಂಡತಿಯ ಖರ್ಚನ್ನು ಮಾತ್ರ ಕಟ್ಟಿಹಾಕಿ ಗಂಡನ ಜೇಬನ್ನು ಲೆಕ್ಕದಾಚೆ ಬಿಡುವುದುಂಟು. ಮೊತ್ತಗಳನ್ನು ಇಬ್ಬರೂ ಕೂಡಿ ಗೊತ್ತುಮಾಡಿ, ಲೆಕ್ಕ ಕೇಳದ ಕೈಖರ್ಚಿನ ಲಕೋಟೆಯನ್ನು ಇಬ್ಬರಿಗೂ ಇಟ್ಟಾಗ ಮಾತ್ರ ಪದ್ಧತಿ ನ್ಯಾಯವಾಗಿ ನಡೆಯುತ್ತದೆ.

ಕರ್ನಾಟಕದಲ್ಲಿ ಹೋಲುವ ರೂಢಿಗಳು

ಹಣವನ್ನು ಉದ್ದೇಶಕ್ಕೆ ಕಟ್ಟಿಡುವುದು ಕನ್ನಡನಾಡಿನ ಮನೆಗಳಿಗೆ ಹಳೆಯದು. ಹರಕೆಯ ಹಣವನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಡುವ ಮುಡಿಪು ಅದರ ಅತಿ ಕಟ್ಟುನಿಟ್ಟಾದ ರೂಪ. ಎಂಥ ಕಷ್ಟದಲ್ಲೂ ಅದನ್ನು ಬೇರೆ ಖರ್ಚಿಗೆ ಬಿಚ್ಚುವಂತಿಲ್ಲ. ಅಡುಗೆಮನೆಯ ಸಾಸಿವೆ, ಜೀರಿಗೆ ಡಬ್ಬಿಗಳಲ್ಲಿ ಹೆಂಗಸರು ಕೂಡಿಡುವ ಹಣ, ಮಣ್ಣಿನ ಹುಂಡಿ, ಸೆರಗಿನ ಗಂಟು ಇವೂ ಇದೇ ಬಳಗಕ್ಕೆ ಸೇರಿದವು.

ಸಾಂಸ್ಥಿಕ ರೂಪದಲ್ಲಿ ಕರ್ನಾಟಕದ ದೊಡ್ಡ ಕೊಡುಗೆ ಪಿಗ್ಮಿ ಠೇವಣಿ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಇದನ್ನು ಜಾರಿಗೆ ತಂದಿತು. ಡಾ. ಟಿ.ಎಂ.ಎ. ಪೈ ಅದರ ಸ್ಥಾಪಕರಲ್ಲಿ ಒಬ್ಬರು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆ ಮತ್ತು ಅಂಗಡಿಗಳ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದ. ದಿನದ ಗಳಿಕೆ ಖರ್ಚಾಗಿ ಹೋಗುವ ಮೊದಲೇ ಒಂದು ಭಾಗವನ್ನು ಬೇರ್ಪಡಿಸುವ ಕೆಲಸವನ್ನು ಇಲ್ಲಿ ಲಕೋಟೆಯ ಬದಲು ಬಾಗಿಲಿಗೆ ಬರುವ ಮನುಷ್ಯ ಮಾಡುತ್ತಿದ್ದ. ಕಳವಿನ ಭಯವಿಲ್ಲ, ಬಡ್ಡಿಯೂ ಬರುತ್ತದೆ. ಲಕೋಟೆಯ ಎರಡು ಮುಖ್ಯ ಕೊರತೆಗಳನ್ನು ಇದು ಆ ಕಾಲದಲ್ಲೇ ನೀಗಿತ್ತು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಸಂಗ್ರಹ ರಾಜ್ಯದ ಸಹಕಾರಿ ಸಂಘಗಳಲ್ಲಿ ಇಂದಿಗೂ ನಡೆಯುತ್ತಿದೆ.

ಇಂದಿನ ಸ್ಥಿತಿ

ಭಾರತದಲ್ಲಿ ಮನೆಯ ನಗದಿನ ಚರಿತ್ರೆ 2016ರಲ್ಲಿ ತಿರುವು ಪಡೆಯಿತು. ಆ ವರ್ಷ ನವೆಂಬರ್ 8ರಂದು ₹500 ಮತ್ತು ₹1,000ದ ನೋಟುಗಳು ರದ್ದಾದಾಗ ಡಬ್ಬಿ ಲಕೋಟೆಗಳಲ್ಲಿದ್ದ ಆ ನೋಟುಗಳೆಲ್ಲ ಬ್ಯಾಂಕಿಗೆ ಬರಬೇಕಾಯಿತು. ಗಂಡನಿಗೂ ತಿಳಿಯದಂತೆ ವರ್ಷಗಳಿಂದ ಕೂಡಿಟ್ಟ ಹಣ ಅನೇಕ ಮನೆಗಳಲ್ಲಿ ಆಗ ಹೊರಬಿತ್ತು. ಅಂಥ ಉಳಿತಾಯದ ಮೇಲೆ ತೆರಿಗೆಯ ಪ್ರಶ್ನೆಯೂ ಎದ್ದಿತು. ಆ ಅವಧಿಯಲ್ಲಿ ಗೃಹಿಣಿಯರು ಕಟ್ಟಿದ ₹2.5 ಲಕ್ಷದವರೆಗಿನ ನಗದನ್ನು ಅಘೋಷಿತ ಆದಾಯವೆಂದು ಎಣಿಸಬಾರದೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆಗ್ರಾ ಪೀಠ 2021ರಲ್ಲಿ ತೀರ್ಪು ಕೊಟ್ಟಿತು. ಮನೆಖರ್ಚಿನಲ್ಲಿ ಮಿಗಿಸಿದ ಹಣ ಗೃಹಿಣಿಯ ನ್ಯಾಯವಾದ ಉಳಿತಾಯ ಎಂಬುದಕ್ಕೆ ಇದು ಕಾನೂನಿನ ಮನ್ನಣೆ.

ಸಂಬಳದ ರೂಪವೂ ಬದಲಾಯಿತು. 1936ರ ವೇತನ ಪಾವತಿ ಕಾಯಿದೆ ಕೂಲಿಯನ್ನು ನಾಣ್ಯ ಅಥವಾ ನೋಟುಗಳಲ್ಲೇ ಕೊಡಬೇಕೆಂದು ವಿಧಿಸಿತ್ತು. ಕಾರ್ಮಿಕರ ಲಿಖಿತ ಒಪ್ಪಿಗೆ ಇಲ್ಲದೆಯೂ ಚೆಕ್ಕು ಅಥವಾ ಬ್ಯಾಂಕ್ ಖಾತೆಯ ಮೂಲಕ ಪಾವತಿಸಲು 2017ರ ತಿದ್ದುಪಡಿ ಅವಕಾಶ ಕೊಟ್ಟಿತು. ಕರ್ನಾಟಕದಲ್ಲಿ 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ ₹2,000 ಕೂಡ ಮನೆಯೊಡತಿಯ ಖಾತೆಗೇ ಬರುತ್ತದೆ. ಹಣ ಈಗ ಕೈಗೆ ಬರುವ ಮೊದಲು ಫೋನಿಗೆ ಬರುತ್ತದೆ.

2016ರ ಏಪ್ರಿಲ್‌ನಲ್ಲಿ ಆರಂಭವಾದ ಯುಪಿಐ ತರಕಾರಿ ಗಾಡಿಯವರೆಗೂ ತಲುಪಿದ ಮೇಲೆ ಲಕೋಟೆ ಪದ್ಧತಿಗೆ ಹೊಸ ತೊಡಕು ಎದುರಾಗಿದೆ. ಸ್ಕ್ಯಾನ್ ಮಾಡಿ ಕೊಟ್ಟ ಹಣ ಯಾವ ಬಾಬ್ತಿನದೆಂದು ಖಾತೆಗೆ ಗೊತ್ತಿಲ್ಲ. ಇದಕ್ಕೆ ಪರಿಹಾರವಾಗಿ ಖರ್ಚಿಗೆಂದೇ ಎರಡನೆಯ ಉಳಿತಾಯ ಖಾತೆ ತೆರೆದು, ತಿಂಗಳ ಮೊತ್ತವನ್ನಷ್ಟೇ ಅದಕ್ಕೆ ವರ್ಗಾಯಿಸಿ, ಯುಪಿಐಯನ್ನು ಅದಕ್ಕೆ ಮಾತ್ರ ಜೋಡಿಸುವ ಕ್ರಮ ರೂಢಿಗೆ ಬಂದಿದೆ. 2022ರಲ್ಲಿ ಬಂದ ಯುಪಿಐ ಲೈಟ್ ಸಣ್ಣ ಖರ್ಚಿಗೆ ಬೇರೆಯಾಗಿ ತುಂಬಿಡುವ ಚೀಲದಂತೆ ಬಳಕೆಯಾಗುತ್ತದೆ. 2024ರ ಯುಪಿಐ ಸರ್ಕಲ್ ಒಬ್ಬರ ಖಾತೆಯಿಂದ ಮನೆಯ ಇನ್ನೊಬ್ಬರು ಗೊತ್ತಾದ ಮಿತಿಯೊಳಗೆ ಖರ್ಚು ಮಾಡಲು ಬಿಡುತ್ತದೆ. 2021ರ ಆಗಸ್ಟ್ 2ರಂದು ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಇ-ರುಪಿ ವೋಚರನ್ನು ಗೊತ್ತಾದ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ಬಳಸಲಾಗುವುದಿಲ್ಲವಾದ್ದರಿಂದ ಅದೂ ಒಂದೇ ಬಾಬ್ತಿನ ಲಕೋಟೆಯನ್ನು ಹೋಲುತ್ತದೆ.

ಪರದೇಶಗಳಲ್ಲಿ ವೈ ನ್ಯಾಬ್, ಗುಡ್‌ಬಜೆಟ್ ಮುಂತಾದ ತಂತ್ರಾಂಶಗಳು ಲಕೋಟೆಯನ್ನು ಪರದೆಯ ಮೇಲೆ ಮರುಸೃಷ್ಟಿಸಿವೆ. ಬಾಬ್ತು, ಎರವಲು, ಉಳಿಕೆ ಎಲ್ಲವೂ ಅಲ್ಲಿವೆ, ಆದರೆ ಹಣ ಮುಗಿದರೂ ಪಾವತಿ ನಿಲ್ಲುವುದಿಲ್ಲ. ಪರದೆಯ ಲಕೋಟೆ ಎಚ್ಚರಿಸುತ್ತದೆ, ಕಾಗದದ ಲಕೋಟೆ ತಡೆಯುತ್ತದೆ. ಕಾರ್ಡು ಮತ್ತು ಫೋನಿನ ನಡುವೆಯೇ ಬೆಳೆದ ಯುವಜನರು 2021ರ ನಂತರ ನೋಟುಗಳನ್ನು ಖಾನೆಗಳ ಕಡತಕ್ಕೆ ತುಂಬುವ ವಿಡಿಯೊಗಳನ್ನು ಟಿಕ್‌ಟಾಕ್‌ನಲ್ಲಿ ಹಂಚಿಕೊಂಡು ಕಾಗದದ ರೂಪಕ್ಕೆ ಮತ್ತೆ ಪ್ರಚಾರ ಕೊಟ್ಟದ್ದಕ್ಕೆ ಈ ವ್ಯತ್ಯಾಸವೂ ಒಂದು ಕಾರಣವೆನ್ನಬಹುದು.

ಭಾರತದಲ್ಲಿ ನಗದಿನ ಬಳಕೆ ನಿಂತಿಲ್ಲ. ನೋಟು ರದ್ದತಿಯ ಹೊತ್ತಿಗೆ ಸುಮಾರು ₹17.7 ಲಕ್ಷ ಕೋಟಿ ಇದ್ದ ಚಲಾವಣೆಯ ನಗದು 2024ರ ಮಾರ್ಚ್ ವೇಳೆಗೆ ₹34 ಲಕ್ಷ ಕೋಟಿಯನ್ನು ದಾಟಿತ್ತು. ಲಕೋಟೆ ತುಂಬುವವರಿಗೆ ಇರುವ ನಿತ್ಯದ ಅಡಚಣೆ ಸಣ್ಣ ನೋಟಿನದು, ಏಕೆಂದರೆ ಎಟಿಎಂಗಳು ಹೆಚ್ಚಾಗಿ ₹500ನ್ನೇ ಕೊಡುತ್ತವೆ. 2025ರ ಸೆಪ್ಟೆಂಬರ್ ಕೊನೆಯೊಳಗೆ ಶೇ. 75 ಎಟಿಎಂಗಳು, 2026ರ ಮಾರ್ಚ್ ಕೊನೆಯೊಳಗೆ ಶೇ. 90 ಎಟಿಎಂಗಳು ಕನಿಷ್ಠ ಒಂದು ಪೆಟ್ಟಿಗೆಯಿಂದ ₹100 ಅಥವಾ ₹200ರ ನೋಟು ಕೊಡುವಂತಿರಬೇಕೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಸೂಚಿಸಿತು.